ಹೆಣ್ಣುನಾಯಿಯ ಬೆದೆ: ಇಪ್ಪತ್ತೆಂಟು ದಿನಗಳ ಕಾವಲು



ನಮ್ಮ ಲೋಂಡಾ, ಗುಂಜಿ, ನಾಗರಗಾಳಿ ಕಡೆಯ ರೈತನಿಗೆ ನಾಯಿ ಶೋಕಿಯ ಪ್ರಾಣಿಯಲ್ಲ. ಕಾಡಿನ ಅಂಚಿನ ಗದ್ದೆಗೆ ರಾತ್ರಿ ಹಂದಿ ಇಳಿದರೆ ಮೊದಲು ಬೊಗಳುವುದು ಅದು. ಕೊಟ್ಟಿಗೆಯ ಬಳಿ ಚಿರತೆ ಸುಳಿದರೆ ಮೊದಲು ಎಚ್ಚರಿಸುವುದೂ ಅದೇ. ಆದರೂ ಎತ್ತು, ಆಕಳು, ಆಡುಗಳ ಬಗ್ಗೆ ಆಡುವಷ್ಟು ಮಾತನ್ನು ನಾವು ನಾಯಿಯ ಬಗ್ಗೆ ಆಡುವುದಿಲ್ಲ. ಅದರಲ್ಲೂ ಹೆಣ್ಣುನಾಯಿ ಬೆದೆಗೆ ಬಂತೆಂದರೆ ಹಿರಿಯರು ಮುಖ ತಿರುಗಿಸುತ್ತಾರೆ, ಹುಡುಗರು ಕಲ್ಲು ಹುಡುಕುತ್ತಾರೆ. ಆಕಳ ಬೆದೆಯ ಮಾತನ್ನು ಮನೆಮಂದಿಯೆಲ್ಲ ಕೂತು ಆಡುವ ನಾವು ನಾಯಿಯ ಬೆದೆಯ ಮಾತಿಗೆ ನಾಚಬೇಕಾದ ಕಾರಣವಿಲ್ಲ. ನಾಚಿ ಸುಮ್ಮನಿದ್ದರೆ ನಷ್ಟ ನಮಗೇ. ಅದು ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ.

ನಾನು ಕೊಟ್ಟ ಒಂದು ತಪ್ಪು ಸಲಹೆ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಹಳ್ಳಿಯ ರೈತರು ಸೆಪ್ಟೆಂಬರ್ ತಿಂಗಳಲ್ಲಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರು: “ಸಾಹೇಬ್ರ, ನಮ್ಮ ಹೆಣ್ಣುನಾಯಿ ಬೆದಿಗೆ ಬಂದೈತ್ರಿ. ಎಷ್ಟು ದಿನ ಕಟ್ಟಿಹಾಕಬೇಕು? ಗದ್ದಿ ಕಾಯಾಕ ಬ್ಯಾರೆ ನಾಯಿ ಇಲ್ಲ.” ಭತ್ತ ಹೊಡೆ ಹಾಯುವ ಹೊತ್ತು. ಹಂದಿಗಳ ಕಾಟ ಹೆಚ್ಚಿತ್ತು. ನಾನು ಕೃಷಿ ಡಿಪ್ಲೊಮಾ ಓದಿದವನು, ಆಕಳ ಬೆದೆಯ ಲೆಕ್ಕ ಬಾಯಿಪಾಠವಿತ್ತು. ಆ ಲೆಕ್ಕದ ಮೇಲೆಯೇ, “ರಕ್ತ ಕಾಣುವುದು ನಿಂತ ಮೇಲೆ ಬಿಡಬಹುದು” ಎಂದುಬಿಟ್ಟೆ.

ಅವರು ಹಾಗೆಯೇ ಮಾಡಿದರು. ಹತ್ತನೆಯ ದಿನ ರಕ್ತ ತಿಳಿಯಾಯಿತು. ಹಗ್ಗ ಬಿಚ್ಚಿ ಗದ್ದೆಗೆ ಕರೆದುಕೊಂಡು ಹೋದರು. ಎರಡು ತಿಂಗಳು ಕಳೆದು, ಕೊಯ್ಲು ನಡೆದಿರುವಾಗ, ಹುಲ್ಲಿನ ಬಣವೆಯ ಸಂದಿಯಲ್ಲಿ ಅದು ಏಳು ಮರಿ ಹಾಕಿತು. ಮರಿಗಳನ್ನು ಬಿಟ್ಟು ಗದ್ದೆಗೆ ಹೋಗಲೊಲ್ಲದು. ಇನ್ನೂ ಕೊಯ್ಯದ ಗದ್ದೆಯ ಮೂಲೆಯನ್ನು ಹಂದಿಗಳು ಎರಡು ರಾತ್ರಿಯಲ್ಲಿ ಹೊರಳಾಡಿ ಹಾಳುಮಾಡಿದವು. ಮರಿಗಳಲ್ಲಿ ಎರಡು ಚಳಿಗೆ ಸತ್ತವು, ಎರಡನ್ನು ಬೇಕೆಂದವರು ಒಯ್ದರು. ಉಳಿದ ಮೂರನ್ನು ಮನೆಯ ಹಿರಿಯರೊಬ್ಬರು ಚೀಲದಲ್ಲಿ ಹಾಕಿ ಲೋಂಡಾ ಸ್ಟೇಷನ್ ಕಡೆಯ ರಸ್ತೆಯ ಬದಿಗೆ ಬಿಟ್ಟು ಬಂದರು. ಫೆಬ್ರವರಿಯಲ್ಲಿ ಅವುಗಳಲ್ಲೊಂದು ಶಾಲೆಗೆ ಹೊರಟಿದ್ದ ಹುಡುಗಿಯ ಕಾಲಿಗೆ ಬಾಯಿ ಹಾಕಿತು. ಮರುದಿನ ಮರಿ ಕಾಣಿಸಲಿಲ್ಲ. ಅದಕ್ಕೆ ಹುಚ್ಚು ಇತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಹುಡುಗಿಗೆ ಎಲ್ಲ ಇಂಜೆಕ್ಷನ್‌ಗಳನ್ನೂ ತಪ್ಪದೆ ಕೊಡಿಸಿದರು. ಆಕೆ ಚೆನ್ನಾಗಿದ್ದಾಳೆ. ಆದರೆ ಆ ಒಂದು ತಿಂಗಳು ಆಕೆಯ ತಾಯಿ ನಿದ್ದೆ ಮಾಡಲಿಲ್ಲ.

ಆ ರೈತರು ನನ್ನನ್ನು ಬೈಯಲಿಲ್ಲ. “ನೀವು ಹೇಳಿದ್ದನ್ನ ಮಾಡೀನಿ ನೋಡ್ರಿ” ಎಂದಷ್ಟೇ ಅಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ನಾನು ಪಶುವೈದ್ಯರ ಬಳಿ ಕೂತು ಈ ವಿಷಯವನ್ನು ಮೊದಲಿನಿಂದ ಕಲಿತೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಆಕಳ ಬೆದೆ ಬೇರೆ, ನಾಯಿಯ ಬೆದೆ ಬೇರೆ

ನನ್ನ ತಪ್ಪು ಎಲ್ಲಿತ್ತು? ನಾವೆಲ್ಲ ಆಕಳನ್ನು ನೋಡಿ ಬೆಳೆದವರು. ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಒಂದು ದಿನದೊಳಗೆ ಮುಗಿಯುತ್ತದೆ. ಮೊದಲು ಗಾಜಿನಂಥ ಲೋಳೆ ಸುರಿಯುತ್ತದೆ. ಬೆದೆ ಇಳಿದು ಒಂದೆರಡು ದಿನವಾದ ಮೇಲೆ ಕೆಲವು ಆಕಳುಗಳ ಬಾಲಕ್ಕೆ ಸ್ವಲ್ಪ ರಕ್ತ ಅಂಟಿರುವುದನ್ನು ನೋಡುತ್ತೇವೆ. ಅಂದರೆ ಆಕಳಲ್ಲಿ ರಕ್ತ ಕಂಡಿತೆಂದರೆ ಬೆದೆ ದಾಟಿಹೋಯಿತೆಂದು ಅರ್ಥ.

ನಾಯಿಯಲ್ಲಿ ಇದು ತಿರುವುಮುರುವು. ನಾಯಿಗೆ ರಕ್ತ ಮೊದಲು ಕಾಣುತ್ತದೆ, ಕೂಡುವ ಕಾಲ ಆಮೇಲೆ ಬರುತ್ತದೆ. ರಕ್ತ ಕೆಂಪಗಿರುವಷ್ಟು ದಿನ ಅದು ಸಾಮಾನ್ಯವಾಗಿ ಗಂಡುನಾಯಿಯನ್ನು ಹತ್ತಿರ ಬಿಡುವುದಿಲ್ಲ. ಹೆಚ್ಚಾಗಿ ರಕ್ತ ತಿಳಿಯಾಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ ಮೇಲೆ ಬಿಡುತ್ತದೆ. ನಾವು “ಮುಗಿಯಿತು” ಎಂದು ಹಗ್ಗ ಬಿಚ್ಚುವ ದಿನವೇ ಅದು ಗರ್ಭ ಧರಿಸಲು ಸಿದ್ಧವಾಗುವ ದಿನ. ಈ ಪಾಠದಲ್ಲಿ ಬೇರೇನು ಮರೆತರೂ ಈ ಒಂದು ಮಾತನ್ನು ಮರೆಯಬೇಡಿ.

ಹೆಣ್ಣುಮಕ್ಕಳ ಮುಟ್ಟಿಗೂ ಇದಕ್ಕೂ ಹೋಲಿಕೆ ಇಲ್ಲ. “ನಾಯಿ ಮುಟ್ಟಾಗಿದೆ” ಎಂದು ಕೆಲವರು ಹೇಳುವುದುಂಟು. ಅದು ಮುಟ್ಟಲ್ಲ, ಬೆದೆಯ ಮೊದಲ ಸೂಚನೆ. ನಮ್ಮ ಮರಾಠಿ ಮನೆಗಳಲ್ಲಿ ದನಕ್ಕೆ “ಮಾಜಾವರ ಬಂತು” ಎನ್ನುತ್ತಾರಲ್ಲ, ನಾಯಿಗೆ ಆ ಸ್ಥಿತಿ ರಕ್ತ ಕಂಡು ಒಂದು ವಾರ, ಹತ್ತು ದಿನವಾದ ಮೇಲೆ ಪೂರ್ತಿ ಬರುತ್ತದೆ.

ಬೆದೆಯ ನಾಲ್ಕು ಅವಸ್ಥೆಗಳು

ಹೆಣ್ಣುನಾಯಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದ ವಯಸ್ಸಿನೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ದೊಡ್ಡ ಜಾತಿಯ ನಾಯಿಗಳಲ್ಲಿ ಇನ್ನೂ ತಡವಾಗಬಹುದು. ಆಮೇಲೆ ಆರೇಳು ತಿಂಗಳಿಗೊಮ್ಮೆ, ಕೆಲವು ನಾಯಿಗಳಲ್ಲಿ ವರ್ಷಕ್ಕೊಮ್ಮೆ ಬರುತ್ತದೆ. ಊರ ನಾಯಿಗಳಲ್ಲಿ ಹೆಚ್ಚಿನವು ಮಳೆಗಾಲದ ಕೊನೆಗೆ, ಅಂದರೆ ಗಣಪತಿ ಹಬ್ಬದಿಂದ ದೀಪಾವಳಿಯವರೆಗಿನ ದಿನಗಳಲ್ಲಿ ಬೆದೆಗೆ ಬರುವುದನ್ನು ನೀವು ನೋಡಿದ್ದೀರಿ. ಭಾದ್ರಪದ ಬಂತೆಂದರೆ ಬೀದಿಯಲ್ಲಿ ನಾಯಿಗಳ ಹಿಂಡು ಕಾಣುವುದು ಇದರಿಂದಲೇ. ನಮ್ಮ ಭತ್ತಕ್ಕೆ ಕಾವಲು ಬೇಕಾಗುವುದೂ ಇದೇ ದಿನಗಳಲ್ಲಿ. ಕಷ್ಟವಿರುವುದು ಇಲ್ಲಿಯೇ.

ಮೊದಲನೆಯ ಅವಸ್ಥೆ: ಯೋನಿ ಬಾತುಕೊಳ್ಳುತ್ತದೆ. ರಕ್ತದ ಹನಿ ನೆಲದ ಮೇಲೆ ಕಾಣುತ್ತದೆ. ನಾಯಿ ಮತ್ತೆ ಮತ್ತೆ ನೆಕ್ಕಿಕೊಳ್ಳುತ್ತದೆ, ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಮೂತ್ರ ಮಾಡುತ್ತದೆ. ಗಂಡುನಾಯಿಗಳು ವಾಸನೆ ಹಿಡಿದು ಬರುತ್ತವೆ, ಆದರೆ ಇದು ಗುರ್ ಎಂದು ಓಡಿಸುತ್ತದೆ. ಸರಾಸರಿ ಒಂಬತ್ತು ದಿನ. ಆದರೆ ಒಂದು ನಾಯಿಯಲ್ಲಿ ಮೂರೇ ದಿನ ಇರಬಹುದು, ಇನ್ನೊಂದರಲ್ಲಿ ಹದಿನೇಳು ದಿನವೂ ಆಗಬಹುದು.

ಎರಡನೆಯ ಅವಸ್ಥೆ: ರಕ್ತದ ಬಣ್ಣ ತಿಳಿಯಾಗುತ್ತದೆ. ಬಾವು ಮೆತ್ತಗಾಗುತ್ತದೆ. ಬೆನ್ನಿನ ಕೆಳಭಾಗವನ್ನು ಕೈಯಿಂದ ಒತ್ತಿದರೆ ನಾಯಿ ಗಟ್ಟಿಯಾಗಿ ನಿಂತು ಬಾಲವನ್ನು ಒಂದು ಬದಿಗೆ ಸರಿಸುತ್ತದೆ. ಇದೇ ಕೂಡುವ ಕಾಲ. ಇದೂ ಸರಾಸರಿ ಒಂಬತ್ತು ದಿನ. ಇಲ್ಲಿಯೂ ನಾಯಿಯಿಂದ ನಾಯಿಗೆ ವ್ಯತ್ಯಾಸ ಬಹಳ. ಈ ದಿನಗಳಲ್ಲಿ ಗಂಡು ಹೆಣ್ಣನ್ನು ಹುಡುಕುವುದು ಮಾತ್ರವಲ್ಲ, ಹೆಣ್ಣೂ ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ವರ್ಷವಿಡೀ ಮನೆ ಬಿಟ್ಟು ಹೋಗದ ನಾಯಿ ಈಗ ಹಗ್ಗ ಕಡಿದು ಹೋಗುತ್ತದೆ.

ಮೂರನೆಯ ಅವಸ್ಥೆ: ನಾಯಿ ಮತ್ತೆ ಗಂಡನ್ನು ಓಡಿಸತೊಡಗುತ್ತದೆ. ಬಾವು ಇಳಿಯುತ್ತದೆ. ಹೊರಗಿನಿಂದ ಏನೂ ಕಾಣದಿದ್ದರೂ ಒಳಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಗರ್ಭದ ಹಾರ್ಮೋನು ಕೆಲಸ ಮಾಡುತ್ತಿರುತ್ತದೆ. ಗರ್ಭ ನಿಂತಿರಲಿ, ನಿಲ್ಲದಿರಲಿ, ಇದು ಆಗಿಯೇ ಆಗುತ್ತದೆ.

ನಾಲ್ಕನೆಯದು ವಿಶ್ರಾಂತಿ. ಮುಂದಿನ ಬೆದೆಯವರೆಗೆ ಕೆಲವು ತಿಂಗಳು ಎಲ್ಲವೂ ಶಾಂತ.

ಕೆಲವು ನಾಯಿಗಳಲ್ಲಿ ರಕ್ತ ಬಹಳ ಕಡಿಮೆ. ಬಂದದ್ದನ್ನೂ ಅದೇ ನೆಕ್ಕಿಬಿಡುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಂಥ ನಾಯಿ ಇದ್ದವರು ಶ್ರಾವಣ ಮುಗಿಯುತ್ತಿದ್ದಂತೆ ವಾರಕ್ಕೆರಡು ಸಲ ಬಿಳಿ ಬಟ್ಟೆಯ ತುಂಡಿನಿಂದ ಹಿಂಭಾಗವನ್ನು ಒರೆಸಿ ನೋಡಬೇಕು. ಮನೆಯ ಮುಂದೆ ಪರ ಊರಿನ ಗಂಡುನಾಯಿ ಬಂದು ಕೂತಿದ್ದರೆ ಅದನ್ನೂ ಸೂಚನೆಯೆಂದೇ ತಿಳಿಯಬೇಕು.

ದಿನಗಳ ಲೆಕ್ಕ

ಇಪ್ಪತ್ತೆಂಟು ದಿನ ಏಕೆ? ಎರಡು ಅವಸ್ಥೆಗಳೂ ಸೇರಿ ಸುಮಾರು ಮೂರು ವಾರ. ಆದರೆ ನಿಮ್ಮ ನಾಯಿ ಸರಾಸರಿಯ ನಾಯಿಯೋ ಅಲ್ಲವೋ ನಿಮಗೆ ತಿಳಿಯದು. ಮೊದಲ ಹನಿ ಬಿದ್ದ ದಿನವನ್ನು ನೀವು ಎರಡು ದಿನ ತಡವಾಗಿ ಗಮನಿಸಿರಲೂಬಹುದು. ಆದ್ದರಿಂದ ಇನ್ನೊಂದು ವಾರ ಸೇರಿಸಿ ಕಾಯುವುದು ಜಾಣತನ. ಇನ್ನೊಂದು ಸಂಗತಿ: ಗಂಡಿನ ವೀರ್ಯಾಣು ಹೆಣ್ಣುನಾಯಿಯ ಒಡಲಲ್ಲಿ ಐದರಿಂದ ಏಳು ದಿನ ಬದುಕಿರುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪಕ್ವವಾಗಲು ಎರಡು ಮೂರು ದಿನ ಬೇಕು. ಹೀಗಾಗಿ “ಇವತ್ತು ಕೂಡಿದರೆ ಏನಾಗುವುದಿಲ್ಲ” ಎಂದು ಖಚಿತವಾಗಿ ಹೇಳಬಹುದಾದ ದಿನ ಈ ಅವಧಿಯಲ್ಲಿ ಒಂದೂ ಇಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ರೀತಿ ಹೀಗೆ. ಸೆಪ್ಟೆಂಬರ್ 10ಕ್ಕೆ ಮೊದಲ ಹನಿ ಕಂಡಿತೆನ್ನೋಣ. ಅದು ಒಂದನೆಯ ದಿನ. ಸೆಪ್ಟೆಂಬರ್ 30 ಇಪ್ಪತ್ತೊಂದನೆಯ ದಿನ. ಅಕ್ಟೋಬರ್ 7 ಇಪ್ಪತ್ತೆಂಟನೆಯ ದಿನ. ಬಾವು ಪೂರ್ತಿ ಇಳಿದು, ಸ್ರಾವ ನಿಂತು, ಗಂಡುನಾಯಿಗಳು ಬರುವುದನ್ನು ಬಿಟ್ಟಿದ್ದರೆ ಅಕ್ಟೋಬರ್ 8ಕ್ಕೆ ಬಿಡಬಹುದು. ಇವುಗಳಲ್ಲಿ ಒಂದಾದರೂ ಉಳಿದಿದ್ದರೆ ಇನ್ನೂ ಕೆಲವು ದಿನ ಕಾಯಬೇಕು.

ಅದೇ ನಾಯಿ ಸೆಪ್ಟೆಂಬರ್ 21ಕ್ಕೆ ತಪ್ಪಿಸಿಕೊಂಡು ಗಂಡಿನ ಜೊತೆ ಕೂಡಿತೆಂದರೆ, 63 ದಿನ ಎಣಿಸಿ. ನವೆಂಬರ್ 23ರ ಆಸುಪಾಸಿನಲ್ಲಿ ಮರಿ. ನಾಯಿಯ ಗರ್ಭಕಾಲ ಒಂಬತ್ತು ವಾರ. ಕೆಲವು ದಿನ ಹಿಂದೆಮುಂದೆ ಆಗಬಹುದು. ಭತ್ತದ ಕೊಯ್ಲಿನ ನಡುವೆಯೇ ಬಾಣಂತನ ಬರುವುದು ಹೀಗೆ.

ಕಾವಲು ಹೇಗೆ?

1. ಅಂಗಳದಲ್ಲಿ ಕಟ್ಟಿಹಾಕುವುದು ಕಾವಲಲ್ಲ. ಬಿಟ್ಟ ನಾಯಿ ಬೇಡವೆಂದರೆ ಓಡಿಹೋದೀತು. ಕಟ್ಟಿದ ನಾಯಿ ಓಡಲಾರದು, ಗಂಡುಗಳೇ ಅದರ ಬಳಿಗೆ ಬರುತ್ತವೆ. ನಾಲ್ಕು ಗೋಡೆ, ಗಟ್ಟಿ ಕದ, ಹಾಕಿದ ಚಿಲಕ ಬೇಕು. ಕೊಟ್ಟಿಗೆಯ ಒಂದು ಮೂಲೆ, ಉಪಯೋಗಿಸದ ಕೋಣೆ ಅಥವಾ ಪಡಸಾಲೆಯ ಮಗ್ಗುಲು ಆದೀತು.

2. ಬಿದಿರಿನ ತಟ್ಟಿಯನ್ನು ನಂಬಬೇಡಿ. ಗಂಡುನಾಯಿ ಅಡಿಯಲ್ಲಿ ಮಣ್ಣು ಕೆದರಿ ಒಳಗೆ ನುಗ್ಗುತ್ತದೆ, ಮೇಲಿಂದಲೂ ಹಾರುತ್ತದೆ. ಕೋಣೆಯ ಕದದ ಕೆಳಗೆ ಸಂದಿ ಇದ್ದರೆ ಕಲ್ಲಿಟ್ಟು ಮುಚ್ಚಿ.

3. ಮಲಮೂತ್ರಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಹೊರಗೆ ಒಯ್ಯಿರಿ. ಕೊರಳಪಟ್ಟಿ ಸಡಿಲವಿರಬಾರದು, ಕೈಯಲ್ಲಿ ಸರಪಳಿ ಇರಬೇಕು. ಒಯ್ಯುವವರು ದೊಡ್ಡವರೇ ಆಗಬೇಕು. ಮಕ್ಕಳ ಕೈಗೆ ಕೊಡಬೇಡಿ. ಸುತ್ತ ಗಂಡುನಾಯಿಗಳು ಕಾದಾಡುವಾಗ ನಡುವೆ ಸಿಕ್ಕಿದವರನ್ನು ಕಚ್ಚುತ್ತವೆ.

4. ಶುದ್ಧ ನೀರು, ಹೊಟ್ಟೆ ತುಂಬ ಆಹಾರ, ಒಣ ಗೋಣಿಚೀಲದ ಹಾಸಿಗೆ ಕೊಡಿ. ಬೆದೆ ಬಂದದ್ದು ಅದರ ತಪ್ಪಲ್ಲ. ಉಪವಾಸ ಕೆಡವಿದರೆ ಬೆದೆ ಇಳಿಯುವುದಿಲ್ಲ.

5. ಮನೆಯಲ್ಲಿಯೇ ಗಂಡುನಾಯಿ ಇದ್ದರೆ ಅದನ್ನು ಈ ಒಂದು ತಿಂಗಳು ನೆಂಟರ ಮನೆಗೆ ಕಳಿಸಿ. ಅಣ್ಣ, ತಮ್ಮ, ಮಗ ಎಂಬ ಸಂಬಂಧ ನಾಯಿಗೆ ತಿಳಿಯದು.

6. ಗದ್ದೆಯ ಕಾವಲಿಗೆ ಏನು ಮಾಡುವುದು? ಅಕ್ಕಪಕ್ಕದ ಎರಡು ಮೂರು ಮನೆಯವರು ಮುಯ್ಯಿ ಆಳಿನ ಹಾಗೆ ಮುಯ್ಯಿ ನಾಯಿಯ ಒಪ್ಪಂದ ಮಾಡಿಕೊಳ್ಳಿ. ನಿಮ್ಮ ನಾಯಿ ಒಳಗಿರುವಾಗ ಅವರ ನಾಯಿ ಎರಡೂ ಗದ್ದೆಗಳ ನಡುವೆ ಮಲಗಲಿ. ಅವರ ಸರದಿ ಬಂದಾಗ ನಿಮ್ಮದು. ಬೆದೆಗೆ ಬಂದ ನಾಯಿಯನ್ನು ಮಾತ್ರ ಗದ್ದೆಯ ಮಾಳಕ್ಕೆ ಒಯ್ಯಬೇಡಿ. ಅದರ ವಾಸನೆಗೆ ಗಂಡುನಾಯಿಗಳು ಬಹು ದೂರದಿಂದ ಬರುತ್ತವೆ. ನಾಯಿಗಳ ಜಾಡು ಹಿಡಿದು ಚಿರತೆಯೂ ಬಂದೀತು.

7. ಗಂಡುನಾಯಿ ಸಾಕಿದವರಿಗೂ ಹೊಣೆಯುಂಟು. ಈ ವಾರಗಳಲ್ಲಿ ರಾತ್ರಿ ಬಿಟ್ಟ ಗಂಡು ನಾಲ್ಕು ದಿನ ಮನೆಗೆ ಬರುವುದಿಲ್ಲ. ಕಾದಾಡಿ ಗಾಯ ಮಾಡಿಕೊಳ್ಳುತ್ತದೆ, ರೈಲಿಗೆ, ಲಾರಿಗೆ ಸಿಗುತ್ತದೆ, ರೋಗ ಹೊತ್ತು ಬರುತ್ತದೆ. ಅದನ್ನೂ ಕಟ್ಟಿರಿ.

ಜನರ ಮಾತು, ನಿಜ ಸಂಗತಿ

“ಮೊದಲ ಬೆದೆಗೆ ಗರ್ಭ ನಿಲ್ಲುವುದಿಲ್ಲ.” ನಿಲ್ಲುತ್ತದೆ. ತಾನೇ ಇನ್ನೂ ಬೆಳೆಯುತ್ತಿರುವ ನಾಯಿಗೆ ಅದು ಹೆಚ್ಚು ಕಷ್ಟ.

“ಒಂದು ಸಲವಾದರೂ ಮರಿ ಹಾಕಿದರೆ ನಾಯಿಯ ಆರೋಗ್ಯ ಚೆನ್ನಾಗಿರುತ್ತದೆ.” ಇದಕ್ಕೆ ಆಧಾರವಿಲ್ಲ.

“ಒಂದು ಗಂಡಿನ ಜೊತೆ ಕೂಡಿದ ಮೇಲೆ ಇನ್ನೊಂದನ್ನು ಬಿಡುವುದಿಲ್ಲ.” ಬಿಡುತ್ತದೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆ ಇರಬಹುದು. ಒಮ್ಮೆ ತಪ್ಪಿಸಿಕೊಂಡಿತೆಂದು ಕಾವಲು ಬಿಡಬೇಡಿ.

“ಬೇವಿನ ಸೊಪ್ಪು, ಕರ್ಪೂರ ಹಚ್ಚಿದರೆ ವಾಸನೆ ಹೋಗುತ್ತದೆ.” ಗಂಡುನಾಯಿಯ ಮೂಗು ಇದಕ್ಕೆ ಮೋಸಹೋಗುವುದಿಲ್ಲ. ಬಟ್ಟೆ ಕಟ್ಟಿದರೂ ಪ್ರಯೋಜನವಿಲ್ಲ, ನೆಲ ಕೊಳೆಯಾಗುವುದು ತಪ್ಪೀತು ಅಷ್ಟೆ.

“ಮುದಿ ನಾಯಿಗೆ ಮರಿ ಆಗುವುದಿಲ್ಲ.” ನಾಯಿಗೆ ಬೆದೆ ನಿಲ್ಲುವ ವಯಸ್ಸು ಎಂಬುದಿಲ್ಲ. ಮುಪ್ಪಿನಲ್ಲಿ ಬೆದೆ ವಿರಳವಾದೀತು, ಆದರೂ ಗರ್ಭ ನಿಂತೀತು. ಆ ವಯಸ್ಸಿನಲ್ಲಿ ಅದು ಅಪಾಯ.

ಕಣ್ಣು ತಪ್ಪಿ ಕೂಡಿದರೆ

ನಾಯಿಗಳು ಕೂಡಿದಾಗ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಐದು ನಿಮಿಷದಿಂದ ಅರ್ಧ ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತವೆ. ಇದು ಪ್ರಕೃತಿಯ ಏರ್ಪಾಟು. ಆ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಕಲ್ಲು ಹೊಡೆಯುವುದು, ಕೋಲು ಹಾಕಿ ಎಳೆಯುವುದು, ನೀರು ಸುರಿಯುವುದು, ಇವುಗಳಿಂದ ಗರ್ಭ ತಪ್ಪುವುದಿಲ್ಲ. ಎರಡೂ ಪ್ರಾಣಿಗಳ ಅಂಗ ಹರಿದು ಗಾಯವಾಗುತ್ತದೆ, ನೋವಿನಲ್ಲಿ ಎಳೆದವರನ್ನು ಕಚ್ಚುತ್ತವೆ. ಹುಡುಗರಿಗೆ ಇದನ್ನು ತಿಳಿಸಿ ಹೇಳಿ. ತಾವೇ ಬಿಡಿಸಿಕೊಳ್ಳುವವರೆಗೆ ಕಾದು, ಹೆಣ್ಣನ್ನು ಒಳಗೆ ಒಯ್ಯಿರಿ.

ಅಂದಿನ ತಾರೀಖು ಬರೆದಿಟ್ಟುಕೊಂಡು ಒಂದೆರಡು ದಿನದೊಳಗೆ ಪಶುವೈದ್ಯರನ್ನು ಕಾಣಿರಿ. ಔಷಧದ ಅಂಗಡಿಯಲ್ಲಿ ಕೇಳಿ ಇಂಜೆಕ್ಷನ್ ಹಾಕಿಸಬೇಡಿ. ಗರ್ಭ ತಡೆಯಲೆಂದು ಕೊಡುವ ಈಸ್ಟ್ರೋಜನ್ ಇಂಜೆಕ್ಷನ್‌ನಿಂದ ಗರ್ಭಕೋಶದಲ್ಲಿ ಕೀವು ತುಂಬಬಹುದು. ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಂತು ನಾಯಿ ಸಾಯಲೂಬಹುದು. ಬೆದೆ ಮುಂದೂಡುವ ಇಂಜೆಕ್ಷನ್ನಿಗೂ ಕೀವಿನ ಮತ್ತು ಕೆಚ್ಚಲ ಗಡ್ಡೆಯ ಅಪಾಯವಿದೆ. ಮನುಷ್ಯರ ಗರ್ಭನಿರೋಧಕ ಮಾತ್ರೆಯನ್ನಂತೂ ಕೊಡಲೇಬಾರದು. ಮರಿ ಬೇಡವೇ ಬೇಡವೆಂದಾದರೆ ಗರ್ಭದ ಮೊದಲ ದಿನಗಳಲ್ಲಿಯೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೇ ಎಂಬುದನ್ನು ವೈದ್ಯರು ನೋಡಿ ನಿರ್ಧರಿಸುತ್ತಾರೆ.

ಮರಿಗಳು ಹುಟ್ಟುವುದೇ ಆದರೆ ಹುಟ್ಟುವ ಮೊದಲೇ ಅವುಗಳಿಗೆ ಮನೆ ಹುಡುಕಿರಿ. ಎಂಟು ವಾರ ತಾಯಿಯ ಜೊತೆ ಇರಲಿ. ಎರಡು ಮೂರು ವಾರ ತುಂಬಿದ ಮೇಲೆ ಜಂತುಹುಳದ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಆರಂಭಿಸಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು, ಆಮೇಲೆ ವೈದ್ಯರು ಹೇಳಿದಂತೆ ಮತ್ತೊಂದು, ಮುಂದೆ ವರ್ಷ ವರ್ಷವೂ.

ಚೀಲದಲ್ಲಿ ಹಾಕಿ ಬಿಟ್ಟು ಬಂದರೆ ಏನಾಗುತ್ತದೆ?

ಮರಿಯನ್ನು ಸ್ಟೇಷನ್ನಿನ ಹತ್ತಿರ ಬಿಟ್ಟರೆ ತಿಂದು ಬದುಕೀತು ಎಂದು ನಮ್ಮ ಜನ ದಯೆಯಿಂದಲೇ ಯೋಚಿಸುತ್ತಾರೆ. ಲೋಂಡಾ ಜಂಕ್ಷನ್. ಬೆಳಗಾವಿ, ಧಾರವಾಡ, ಗೋವಾ ಕಡೆಯ ಹಳಿಗಳು ಕೂಡುವ ಸ್ಥಳ. ಪ್ರಯಾಣಿಕರು ಎಸೆದದ್ದನ್ನು ತಿಂದು ಕೆಲವು ಮರಿ ಬದುಕುತ್ತವೆ ನಿಜ. ಬದುಕಿದ ಹೆಣ್ಣುಮರಿ ವರ್ಷದೊಳಗೆ ತಾನೇ ಬೆದೆಗೆ ಬರುತ್ತದೆ. ಕಾಡಿನ ಅಂಚಿಗೆ ಬಿಟ್ಟರೆ ಚಿರತೆಯ ಬಾಯಿಗೆ ಬೀಳುತ್ತವೆ, ಅಥವಾ ಹಿಂಡು ಕಟ್ಟಿ ಜಿಂಕೆಗಳ ಬೆನ್ನು ಹತ್ತುತ್ತವೆ. ನಮ್ಮ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿ ಧಾಮ. ಊರ ನಾಯಿಯ ಡಿಸ್ಟೆಂಪರ್‌ನಂಥ ರೋಗ ಕಾಡಿನ ಸೀಳುನಾಯಿಗಳಿಗೂ ಅಂಟಬಲ್ಲದು.

ಎಲ್ಲಕ್ಕಿಂತ ದೊಡ್ಡ ಭಯ ರೇಬೀಸ್. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಆಗಿದ್ದರೆ ಆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಈಗ ಎಣಿಸಿ ನೋಡಿ. ನಿಮ್ಮ ಕೇರಿಯಲ್ಲಿ ಹತ್ತು ನಾಯಿ, ಏಳಕ್ಕೆ ಲಸಿಕೆಯಾಗಿದೆ. ಸರಿಯಾಗಿ 70. ಒಂದು ಹೆಣ್ಣುನಾಯಿ ಏಳು ಮರಿ ಹಾಕಿತು. ಈಗ ಹದಿನೇಳರಲ್ಲಿ ಏಳು, ನೂರಕ್ಕೆ ಸುಮಾರು 41. ಯಾರೂ ಯಾವ ತಪ್ಪನ್ನೂ ಮಾಡಲಿಲ್ಲ, ಕದದ ಚಿಲಕ ಒಂದು ರಾತ್ರಿ ಹಾಕಲಿಲ್ಲ, ಅಷ್ಟೆ. ನಮ್ಮ ನೆರೆಯ ಗೋವಾದಲ್ಲಿ ಸರ್ಕಾರವೂ ಮಿಷನ್ ರೇಬೀಸ್ ಎಂಬ ಸಂಸ್ಥೆಯೂ ಸೇರಿ ಊರೂರಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿ, ಶಾಲಾ ಮಕ್ಕಳಿಗೆ ತಿಳಿವಳಿಕೆ ಕೊಟ್ಟು, 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸುವ ಮಟ್ಟಕ್ಕೆ ತಂದವು. ಘಟ್ಟದ ಕೆಳಗೆ ಆದದ್ದು ಘಟ್ಟದ ಮೇಲೆ ಆಗಬಾರದೇಕೆ?

ಯಾವ ನಾಯಿ ಕಚ್ಚಿದರೂ, ಮರಿಯೇ ಆದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಅರಿಶಿಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಹೇಳಿದಷ್ಟೂ ಇಂಜೆಕ್ಷನ್ ಮುಗಿಸಿರಿ. ರೋಗ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ.

ಬೆದೆಯ ನಂತರ ಗಮನಿಸಬೇಕಾದ ಕಾಯಿಲೆಗಳು

ಬೆದೆ ಮುಗಿದು ಒಂದೆರಡು ತಿಂಗಳಾದ ಮೇಲೆ ನಾಯಿ ಅತಿಯಾಗಿ ನೀರು ಕುಡಿಯುತ್ತಿದ್ದರೆ, ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ, ಹಿಂದಿನಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೆಲವೊಮ್ಮೆ ಕೀವು ಹೊರಗೆ ಬರುವುದೇ ಇಲ್ಲ, ಅದು ಇನ್ನೂ ಅಪಾಯ. ನಾಳೆ ನೋಡೋಣ ಎನ್ನುವ ರೋಗವಲ್ಲ. ಕೂಡಲೇ ವೈದ್ಯರಿಗೆ ತೋರಿಸಿ.

ಗರ್ಭವಿಲ್ಲದಿದ್ದರೂ ಕೆಲವು ನಾಯಿಗಳಿಗೆ ಕೆಚ್ಚಲು ತುಂಬಿ ಹಾಲು ಬರುತ್ತದೆ, ಮೂಲೆಯಲ್ಲಿ ಗೂಡು ಮಾಡಿ ಚಪ್ಪಲಿಯನ್ನೋ ಬಟ್ಟೆಯನ್ನೋ ಮರಿಯಂತೆ ಕಾಯುತ್ತವೆ. ಇದು ಸುಳ್ಳು ಗರ್ಭ. ಹೆಚ್ಚಾಗಿ ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಹಾಲು ಹಿಂಡಬೇಡಿ, ಹಿಂಡಿದಷ್ಟೂ ಹೆಚ್ಚುತ್ತದೆ.

ಬೆದೆಯ ಕಾಲ ದಾಟಿದರೂ ತಿಂಗಳುಗಟ್ಟಲೆ ರಕ್ತ ತೊಟ್ಟಿಕ್ಕುತ್ತಿದ್ದರೆ ಅದು ಬೆದೆಯಲ್ಲ. ಕೂಡುವುದರಿಂದ ಅಂಟುವ ಗಡ್ಡೆ ರೋಗವೊಂದಿದೆ, ನಮ್ಮ ದೇಶದ ಬೀದಿನಾಯಿಗಳಲ್ಲಿ ಸಾಮಾನ್ಯ. ಹೂಕೋಸಿನಂಥ ಗಡ್ಡೆ ಗಂಡಿಗೂ ಹೆಣ್ಣಿಗೂ ಬರುತ್ತದೆ. ವಾರಕ್ಕೊಂದರಂತೆ ಕೆಲವು ವಾರ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನ ನಾಯಿಗಳು ಗುಣವಾಗುತ್ತವೆ. ಮುಚ್ಚಿಡದೆ ತೋರಿಸಬೇಕು.

ಶಾಶ್ವತ ಪರಿಹಾರ

ಪ್ರತಿ ಬೆದೆಗೂ ಇಪ್ಪತ್ತೆಂಟು ದಿನ ಕಾಯುವುದು ಒಕ್ಕಲಿಗನಿಗೆ ಸುಲಭವಲ್ಲ. ಮರಿ ಬೇಡವೆನ್ನುವವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ನೇರ ದಾರಿ. ನಾಯಿಗೆ ಮತ್ತು ಬರಿಸಿ, ಅಂಡಾಶಯವನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಆಮೇಲೆ ಬೆದೆ ಇಲ್ಲ, ಮರಿ ಇಲ್ಲ, ಕೀವಿನ ರೋಗದ ಭಯವೂ ಇಲ್ಲವೆಂಬಷ್ಟು ಕಡಿಮೆ. ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಕೆಚ್ಚಲ ಗಡ್ಡೆಯ ಸಂಭವವೂ ಕಡಿಮೆಯಾಗುತ್ತದೆ.

ಆರು ತಿಂಗಳು ತುಂಬಿದ ಮೇಲೆ ಯಾವಾಗ ಎಂಬುದನ್ನು ವೈದ್ಯರನ್ನು ಕೇಳಿ ಮಾಡಿಸಿ. ಬೆದೆಯಲ್ಲಿರುವಾಗ ರಕ್ತನಾಳಗಳು ತುಂಬಿಕೊಂಡಿರುವುದರಿಂದ ಆಗ ಮಾಡಿಸುವುದು ತಕ್ಕುದಲ್ಲ. ಬೆದೆ ಮುಗಿದು ಎರಡು ಮೂರು ತಿಂಗಳಾಗಿರಬೇಕು. ನಮ್ಮ ಭಾಗಕ್ಕೆ ಯುಗಾದಿಯಿಂದ ಮಳೆ ಹಿಡಿಯುವವರೆಗಿನ ದಿನಗಳು ಒಳ್ಳೆಯವು. ನೆಲ ಒಣಗಿರುತ್ತದೆ, ಗಾಯ ಬೇಗ ಮಾಯುತ್ತದೆ, ಗದ್ದೆಯ ಕಾವಲಿನ ಕೆಲಸವೂ ಇರುವುದಿಲ್ಲ. ವೈದ್ಯರು ಹೇಳಿದ ಹೊತ್ತಿನಿಂದ ಹೊಟ್ಟೆ ಖಾಲಿ ಇಡಿ. ಆಮೇಲೆ ಹತ್ತು ಹದಿನಾಲ್ಕು ದಿನ ಓಡಾಡಲು, ಹೊಲಿಗೆ ನೆಕ್ಕಲು ಬಿಡಬೇಡಿ. ಗಂಡುನಾಯಿಗೆ ಮಾಡಿಸಿದರೆ ಅದು ಆಮೇಲೆಯೂ ಕೆಲವು ವಾರ ಗರ್ಭ ನಿಲ್ಲಿಸಬಲ್ಲದು ಎಂಬುದು ನೆನಪಿರಲಿ.

“ಆಪರೇಷನ್ ಆದ ನಾಯಿ ಸೋಮಾರಿಯಾಗುತ್ತದೆ, ಕಾಯುವುದಿಲ್ಲ” ಎನ್ನುತ್ತಾರೆ. ಕಾಯುವ ಗುಣ ಬೆದೆಯಿಂದ ಬಂದದ್ದಲ್ಲ. ಅನ್ನ ಸ್ವಲ್ಪ ಕಡಿಮೆ ಮಾಡಿ, ಓಡಾಟ ಇರಲಿ, ಮೈ ಬರುವುದಿಲ್ಲ. ಮೊದಲು ಹೇಳಿದ ರೈತರ ನಾಯಿಗೆ ಮುಂದಿನ ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷದ ಭಾದ್ರಪದದಿಂದ ಕೊಯ್ಲಿನವರೆಗೆ ಒಂದು ರಾತ್ರಿಯೂ ತಪ್ಪದೆ ಅದು ಮಾಳದ ಕೆಳಗೆ ಮಲಗಿತು.

ಊರಿನವರು ಮಾಡಬೇಕಾದದ್ದು

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕಿದ ನಾಯಿಯ ಲಸಿಕೆ, ಜಂತುಹುಳದ ಔಷಧ, ಸಂತಾನಹರಣ ಸಾಕಿದವರ ಹೊಣೆ. ಬೀದಿನಾಯಿಗಳ ಕೆಲಸ ಪಂಚಾಯತಿಯಂಥ ಸ್ಥಳೀಯ ಸಂಸ್ಥೆಗಳದು. ರೈಲು ನಿಲ್ದಾಣ, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಆವರಣದ ಬೀದಿನಾಯಿಗಳನ್ನು ತೆರವು ಮಾಡಿ ಆಶ್ರಯದಲ್ಲಿಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಆದೇಶಿಸ ಬೇಕಾಯಿತು. ಅಲ್ಲಿಯವರೆಗೆ ಸಂಗತಿ ಹೋದದ್ದು ಎಲ್ಲಿಂದ? ಎಷ್ಟೋ ಮನೆಗಳ ಚಿಲಕವಿಲ್ಲದ ಕದದಿಂದಲೂ ಹೌದು. ವಿಷ ಹಾಕಿ ಕೊಲ್ಲುವುದು ಅಪರಾಧ. ಅದರಿಂದ ಸಂಖ್ಯೆಯೂ ಇಳಿಯುವುದಿಲ್ಲ, ಸತ್ತವುಗಳ ಜಾಗಕ್ಕೆ ಲಸಿಕೆಯಾಗದ ಹೊಸ ನಾಯಿಗಳು ಬರುತ್ತವೆ.

ಪ್ರತಿ ಹಳ್ಳಿಯ ಯುವಕರೂ ಸ್ವಸಹಾಯ ಸಂಘದ ಅಕ್ಕಂದಿರೂ ಸೇರಿ ಒಂದು ಪುಸ್ತಕದಲ್ಲಿ ಊರಿನ ಹೆಣ್ಣುನಾಯಿಗಳನ್ನು ಬರೆದಿಡಲಿ. ಯಾವ ಮನೆಯದು, ವಯಸ್ಸೆಷ್ಟು, ಕೊನೆಯ ಬೆದೆ ಯಾವಾಗ, ಲಸಿಕೆ ಆಗಿದೆಯೇ, ಶಸ್ತ್ರಚಿಕಿತ್ಸೆ ಆಗಿದೆಯೇ. ಹತ್ತು ಹೆಸರು ಕೂಡಿದರೆ ಪಶು ಆಸ್ಪತ್ರೆಯವರನ್ನೂ ಪಂಚಾಯತಿಯನ್ನೂ ಕಂಡು ಒಂದೇ ದಿನ ಶಿಬಿರ ಕೇಳಬಹುದು. ನಾಯಿಯನ್ನು ಒಯ್ಯಲಾಗದ ತುರ್ತು ಸಂದರ್ಭದಲ್ಲಿ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನು ಮಾಡಿ ಕೇಳಿರಿ.

ಸಭೆಯಲ್ಲಿ ಓದಿ ಉತ್ತರಿಸಬೇಕಾದ ಪ್ರಶ್ನೆಗಳು

1. ಆಕಳಲ್ಲಿ ರಕ್ತ ಕಂಡರೆ ಏನರ್ಥ? ನಾಯಿಯಲ್ಲಿ ಕಂಡರೆ ಏನರ್ಥ?

2. ಅಕ್ಟೋಬರ್ 1ಕ್ಕೆ ಮೊದಲ ಹನಿ ಕಂಡರೆ ಎಲ್ಲಿಯವರೆಗೆ ಕಾಯಬೇಕು? (ಅಕ್ಟೋಬರ್ 28ರವರೆಗೆ)

3. ಅಂಗಳದಲ್ಲಿ ಕಟ್ಟಿದ ನಾಯಿಗೆ ಬಿಟ್ಟ ನಾಯಿಗಿಂತ ಹೆಚ್ಚು ಅಪಾಯ ಏಕೆ?

4. ಸಿಕ್ಕಿಹಾಕಿಕೊಂಡ ನಾಯಿಗಳಿಗೆ ಕಲ್ಲು ಹೊಡೆದರೆ ಗರ್ಭ ತಪ್ಪುತ್ತದೆಯೇ?

5. ನಿಮ್ಮ ಓಣಿಯಲ್ಲಿ ಹೆಣ್ಣುನಾಯಿಗಳೆಷ್ಟು? ಲಸಿಕೆ ಆದವೆಷ್ಟು?

ಐದನೆಯ ಪ್ರಶ್ನೆಗೆ ಉತ್ತರ ನನ್ನ ಬಳಿ ಇಲ್ಲ, ನಿಮ್ಮ ಬಳಿ ಇದೆ. ಮುಂದಿನ ಸಲ ಊರಿಗೆ ಬಂದಾಗ ಪುಸ್ತಕ ತೋರಿಸಿ.